ಕಾರು ಕಿತ್ತುಕೊಂಡವರು ಹೋದ ಮೇಲೆ: ಹೆದ್ದಾರಿ ಸುಲಿಗೆಗೆ ಸಿಕ್ಕ ಕುಟುಂಬಕ್ಕೆ ಏನಾಗುತ್ತದೆ, ಏನು ಮಾಡಬೇಕು

2025ರ ಜನವರಿಯಲ್ಲಿ ಮೈಸೂರು ತಾಲ್ಲೂಕಿನಲ್ಲಿ ಮುಸುಕುಧಾರಿಗಳು ಹಾಡಹಗಲೇ ಕೇರಳದ ಉದ್ಯಮಿಯೊಬ್ಬರ ಕಾರನ್ನು ಅಡ್ಡಗಟ್ಟಿ, ಹಣದ ಜೊತೆಗೆ ಕಾರನ್ನೂ ಒಯ್ದರು. ಅದಕ್ಕೂ ಮುಂಚೆ 2023ರಲ್ಲಿ, ಬೆಂಗಳೂರು–ಮೈಸೂರು ಹೊಸ ಹೆದ್ದಾರಿ ತೆರೆದ ವರ್ಷವೇ, ರಾತ್ರಿ ರಸ್ತೆ ಬದಿ ಕಾರು ನಿಲ್ಲಿಸಿಕೊಂಡವರನ್ನು ಬೆದರಿಸಿ ಒಡವೆ ಕಿತ್ತ ಸುದ್ದಿಗಳು ಬಂದಿದ್ದವು. ಇಂಥ ಸುದ್ದಿ ಸಾಮಾನ್ಯವಾಗಿ ಎರಡು ಪ್ರಶ್ನೆಗೆ ಮುಗಿದುಹೋಗುತ್ತದೆ: ಕಾರು ಸಿಕ್ಕಿತೇ, ಕಳ್ಳರು ಸಿಕ್ಕರೇ? ಒಳಗೆ ಕೂತಿದ್ದ ಗಂಡ, ಹೆಂಡತಿ, ಮಕ್ಕಳು, ಅಜ್ಜಿಯ ಪಾಲಿಗೆ ಅಸಲು ತೊಂದರೆ ಶುರುವಾಗುವುದು ಆಮೇಲೆ. ಒಂದು ಕಡೆ ಠಾಣೆ, ವಿಮೆ, ಬ್ಯಾಂಕು. ಇನ್ನೊಂದು ಕಡೆ ನಿದ್ದೆಗೆಟ್ಟ ಮನೆ. ಇವೆರಡೂ ಒಂದಕ್ಕೊಂದು ತಳುಕು ಹಾಕಿಕೊಂಡೇ ಸಾಗುವುದರಿಂದ ಇಲ್ಲಿ ಎರಡನ್ನೂ ಒಟ್ಟಿಗೇ ಹೇಳಿದೆ.

## ಇದು ಕಳವಲ್ಲ, ಸುಲಿಗೆ

ಮನೆ ಮುಂದೆ ನಿಲ್ಲಿಸಿದ್ದ ಕಾರು ಬೆಳಗಾಗುವಷ್ಟರಲ್ಲಿ ಮಾಯವಾದರೆ ಅದು ಕಳವು. ಕಾರಿನಲ್ಲಿ ಇರುವವರಿಗೆ ಹೊಡೆದು, ಅಥವಾ ಹೊಡೆಯುವುದಾಗಿ ಹೆದರಿಸಿ ಕಿತ್ತುಕೊಂಡರೆ ಸುಲಿಗೆ. ಪೊಲೀಸರ ಬಾಯಲ್ಲಿ ರಾಬರಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ ಕಲಂ 309 ಇದರದ್ದು. ಶಿಕ್ಷೆ 10 ವರ್ಷದವರೆಗೆ ಕಠಿಣ ಜೈಲು. ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮೊದಲು, ಹೆದ್ದಾರಿಯಲ್ಲಿ ನಡೆದಿದ್ದರೆ 14 ವರ್ಷದವರೆಗೂ ಹೋಗಬಹುದು. ಸುಲಿಗೆ ಮಾಡುವಾಗ ಗಾಯಗೊಳಿಸಿದ್ದರೆ ಜೀವಾವಧಿಗೂ ಅವಕಾಶವಿದೆ. ಐವರು ಅಥವಾ ಹೆಚ್ಚು ಜನ ಸೇರಿ ಮಾಡಿದ್ದರೆ ಅದು ಕಲಂ 310ರ ಡಕಾಯಿತಿ. ಮಾರಕಾಸ್ತ್ರ ಬಳಸಿದ್ದರೆ ಕಲಂ 311ರ ಪ್ರಕಾರ ಶಿಕ್ಷೆ 7 ವರ್ಷಕ್ಕಿಂತ ಕಡಿಮೆ ಇರುವಂತಿಲ್ಲ. ದೂರು ಬರೆಸುವಾಗ ‘ಎಷ್ಟು ಜನ, ಎಷ್ಟು ಹೊತ್ತಿಗೆ, ಕೈಯಲ್ಲಿ ಏನಿತ್ತು’ ಎಂಬ ಮೂರು ಸಂಗತಿ ಬಿಟ್ಟುಹೋಗಬಾರದು ಎನ್ನುವುದು ಇದೇ ಕಾರಣಕ್ಕೆ.

ನಿಂತ ಕಾರು ಕದಿಯುವುದು ಬಿಟ್ಟು ಓಡುವ ಕಾರಿಗೇಕೆ ಕೈ ಹಾಕುತ್ತಾರೆ? ಒಂದು ಕಾರಣ ಬೀಗದ ಕೈಯಲ್ಲೇ ಇದೆ. ಈಗಿನ ಕಾರುಗಳ ಕೀಯೊಳಗೆ ಸಣ್ಣ ಚಿಪ್ ಇರುತ್ತದೆ. ಅದು ಕೊಡುವ ಸಂಕೇತ ಕಾರಿನ ಕಂಪ್ಯೂಟರಿಗೆ ತಾಳೆಯಾಗದಿದ್ದರೆ ಇಂಜಿನ್ ಸ್ಟಾರ್ಟ್ ಆಗುವುದಿಲ್ಲ. ಮೊದಲಿನಂತೆ ವೈರು ಕಿತ್ತು ಜೋಡಿಸಿ ಓಡಿಸಲು ಬರುವುದಿಲ್ಲ. ಕೀ ಬೇಕೆಂದರೆ ಕೀ ಹಿಡಿದವರ ಹತ್ತಿರವೇ ಬರಬೇಕು.

ಹೀಗೆ ಕಾರು ಕಿತ್ತುಕೊಳ್ಳುವುದನ್ನು ಅಮೆರಿಕದಲ್ಲಿ ದೇಶವ್ಯಾಪಿ ಅಪರಾಧವೆಂದು ಪ್ರತ್ಯೇಕ ಕಾನೂನು ಮಾಡಿದ್ದು 1992ರ ಅಕ್ಟೋಬರಿನಲ್ಲಿ. ಅದಕ್ಕೆ ಸ್ವಲ್ಪ ಮುಂಚೆ, ಸೆಪ್ಟೆಂಬರಿನಲ್ಲಿ, ಮೇರಿಲ್ಯಾಂಡ್ ರಾಜ್ಯದಲ್ಲಿ ಭಾರತ ಮೂಲದ ರಸಾಯನ ವಿಜ್ಞಾನಿಯೊಬ್ಬರು ಮಗಳನ್ನು ಶಾಲೆಗೆ ಬಿಡಲು ಹೊರಟಾಗ ಇಬ್ಬರು ಅವರ ಕಾರು ಕಿತ್ತುಕೊಂಡರು. ಸೀಟ್ ಬೆಲ್ಟಿಗೆ ಕೈ ಸಿಕ್ಕಿ, ಕಾರು ಎಳೆದುಕೊಂಡು ಹೋಗಿ ತಾಯಿ ಸತ್ತರು. ದುಷ್ಕರ್ಮಿಗಳು ಮಗುವನ್ನು ಸೀಟಿನ ಸಮೇತ ಹೊರಗೆಸೆದರು, ಮಗು ಬದುಕಿತು. ಸುಲಿಗೆಗೆ ಸಿಕ್ಕಾಗ ಮೊದಲು ಬಿಡಬೇಕಾದದ್ದು ಕಾರು, ಮೊದಲು ಬಿಚ್ಚಬೇಕಾದದ್ದು ಬೆಲ್ಟು ಎಂಬ ಮಾತಿಗೆ ಇದಕ್ಕಿಂತ ಸಾಕ್ಷಿ ಬೇಡ. ಕೈಗಳನ್ನು ಅವರಿಗೆ ಕಾಣುವಂತೆ ಇಟ್ಟು, ‘ಬೆಲ್ಟ್ ಬಿಚ್ತೀನಿ’, ‘ಹಿಂದೆ ಮಗು ಇದೆ, ಮಗು ತಗೋತೀನಿ’ ಎಂದು ಮೊದಲು ಬಾಯಲ್ಲಿ ಹೇಳಿ ಆಮೇಲೆ ಕೈ ಆಡಿಸಬೇಕು. ಹೇಳದೆ ಕೈ ಸರಕ್ಕನೆ ಕೆಳಗೆ ಹೋದರೆ, ಏನನ್ನೋ ತೆಗೆಯುತ್ತಿದ್ದಾರೆ ಎಂದುಕೊಂಡು ಎದುರಿನವನು ಮಚ್ಚು ಬೀಸುತ್ತಾನೆ. ಅವನ ಕೈಯೂ ನಡುಗುತ್ತಲೇ ಇರುತ್ತದೆ.

## ಆ ಎರಡು ನಿಮಿಷ ಮೈಯೊಳಗೆ ನಡೆಯುವುದು

ಕಿಟಕಿ ಗಾಜು ಒಡೆದ ಸದ್ದು ಕಿವಿಗೆ ಬಿದ್ದೊಡನೆ ಮಿದುಳಿನ ಅಮಿಗ್ಡಲಾ ಎಂಬ ಭಾಗ ಅಪಾಯದ ಸೂಚನೆ ಕೊಡುತ್ತದೆ. ಯೋಚನೆ ಮಾಡುವ ಭಾಗಕ್ಕೆ ವಿಷಯ ಮುಟ್ಟುವ ಮೊದಲೇ ಅಡ್ರಿನಲಿನ್ ರಕ್ತಕ್ಕೆ ಇಳಿದಾಗಿರುತ್ತದೆ. ಎದೆ ಹೊಡೆದುಕೊಳ್ಳುತ್ತದೆ, ಬಾಯಿ ಒಣಗುತ್ತದೆ, ಅಂಗೈ ತಣ್ಣಗಾಗುತ್ತದೆ. ಆಗ ದೇಹದ ಮುಂದೆ ಇರುವುದು ಮೂರೇ ದಾರಿ: ಹೊಡೆದಾಡು, ಓಡು, ಇಲ್ಲವೇ ಮರಗಟ್ಟಿ ನಿಲ್ಲು. ಇದರಲ್ಲಿ ಯಾವುದು ಎಂದು ಆರಿಸುವುದು ನಾವಲ್ಲ. ಜಿಮ್‌ಗೆ ಹೋಗುವ ಮೂವತ್ತರ ಗಂಡಸು ಬಾಯಿ ಬರದೆ ಕೂತುಬಿಡಬಹುದು, ಎಪ್ಪತ್ತರ ಅಜ್ಜಿ ಕಿರುಚಿ ಕೈ ಕಚ್ಚಬಹುದು. ಧೈರ್ಯಕ್ಕೂ ಇದಕ್ಕೂ ಸಂಬಂಧವಿಲ್ಲ. ಮುಂದೆ ಮನೆಯಲ್ಲಿ ಏಳುವ ಜಗಳಗಳಿಗೆ ಇದೇ ಬೇರು. ಹಾಗಾಗಿ ಈ ಒಂದು ಸಂಗತಿಯನ್ನು ಮನೆಮಂದಿಯೆಲ್ಲ ತಿಳಿದುಕೊಂಡರೆ ಅರ್ಧ ಕೆಲಸ ಆದಂತೆ.

ನೆನಪೂ ಆಗ ಮಾಮೂಲಿನಂತೆ ದಾಖಲಾಗುವುದಿಲ್ಲ. ಕಣ್ಣು ಆಯುಧಕ್ಕೇ ಅಂಟಿಕೊಳ್ಳುತ್ತದೆ. ಮಚ್ಚಿನ ಹಿಡಿಗೆ ಸುತ್ತಿದ ಟೇಪಿನ ಬಣ್ಣ ಹೇಳಬಲ್ಲವರಿಗೆ ಅದನ್ನು ಹಿಡಿದವನ ಮುಖ ಹೇಳಲು ಆಗುವುದಿಲ್ಲ. ಎರಡು ನಿಮಿಷ ನಡೆದದ್ದು ಹತ್ತು ನಿಮಿಷ ಅನ್ನಿಸಿರುತ್ತದೆ. ಮೊದಲು ಏನಾಯಿತು, ಆಮೇಲೆ ಏನಾಯಿತು ಎಂಬ ಕ್ರಮ ಕಲಸಿಹೋಗಿರುತ್ತದೆ. ಗಂಡ ‘ಮೂರು ಜನ’ ಎಂದು, ಹೆಂಡತಿ ‘ನಾಲ್ಕು ಜನ’ ಎಂದರೆ ಇಬ್ಬರಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ.

## ಮೊದಲ ಕೆಲವು ಗಂಟೆ: ಯಾವುದು ಮೊದಲು

ಕಾರು ಹೋದ ದಿಕ್ಕಿಗೆ ಯಾರದೋ ಬೈಕು ಹತ್ತಿ ಬೆನ್ನಟ್ಟುವುದು ಬೇಡವೇ ಬೇಡ. ಬೆಳಕಿರುವ ಜಾಗಕ್ಕೆ, ಅಂದರೆ ಪೆಟ್ರೋಲ್ ಬಂಕ್, ಢಾಬಾ ಅಥವಾ ಟೋಲ್ ಹತ್ತಿರ ಹೋಗಿ ಯಾರದಾದರೂ ಫೋನಿನಿಂದ 112ಕ್ಕೆ ಕರೆ ಮಾಡಿ. ಹೇಳಬೇಕಾದದ್ದು ಇಷ್ಟೇ: ಎಲ್ಲಿದ್ದೀರಿ, ಯಾರಿಗೆ ಗಾಯ, ಕಾರಿನ ನಂಬರು, ಬಣ್ಣ, ಮಾಡೆಲ್ಲು, ಯಾವ ಕಡೆ ಹೋಯಿತು. ಕಿಲೋಮೀಟರ್ ಕಲ್ಲಿನ ಸಂಖ್ಯೆ ಕಂಡರೆ ಅದನ್ನೂ ಹೇಳಿ. ನಾಕಾಬಂದಿ ಹಾಕಲು ಪೊಲೀಸರಿಗೆ ಬೇಕಿರುವುದು ಇದು, ಕಥೆಯಲ್ಲ.

ಗಾಯ ಚಿಕ್ಕದೆನಿಸಿದರೂ ಆಸ್ಪತ್ರೆಗೆ ಹೋಗಿ, ಪೊಲೀಸ್ ಪ್ರಕರಣಕ್ಕೆ ಬೇಕಾದ ವೈದ್ಯಕೀಯ ದಾಖಲೆ, ಅಂದರೆ ಎಂಎಲ್‌ಸಿ ಮಾಡಿಸಬೇಕು. ಅಡ್ರಿನಲಿನ್ ಇಳಿಯುವವರೆಗೆ ನೋವು ಗೊತ್ತಾಗುವುದಿಲ್ಲ. ತಲೆಗೆ ಬಿದ್ದ ಪೆಟ್ಟು, ಎಳೆದಾಟದಲ್ಲಿ ಹೊರಳಿದ ಭುಜ ಮರುದಿನ ಮಾತಾಡುತ್ತವೆ. ಗಾಯದ ಪ್ರಮಾಣಪತ್ರ ಇಲ್ಲದಿದ್ದರೆ ‘ಗಾಯಗೊಳಿಸಿ ಸುಲಿಗೆ’ ಎಂಬ ಅಂಶ ನ್ಯಾಯಾಲಯದಲ್ಲಿ ನಿಲ್ಲುವುದು ಕಷ್ಟ. ಗರ್ಭಿಣಿ, ಬಿಪಿ ಮತ್ತು ಹೃದಯದ ತೊಂದರೆ ಇರುವವರನ್ನು ಗಾಯ ಇರಲಿ ಬಿಡಲಿ ತೋರಿಸಲೇಬೇಕು. ಎದೆನೋವನ್ನು ‘ಹೆದರಿಕೆಗೆ ಆಗಿರೋದು’ ಎಂದು ತಳ್ಳಿಹಾಕಬಾರದು.

ಬಹಳ ಜನ ಎಡವುವುದು ಮುಂದಿನ ವಿಷಯದಲ್ಲಿ. ಕಾರಿನ ಕೀ ಗೊಂಚಲಿನಲ್ಲೇ ಮನೆ ಕೀ ಇರುತ್ತದೆ, ಡ್ಯಾಶ್‌ಬೋರ್ಡಿನಲ್ಲಿರುವ ಆರ್‌ಸಿಯಲ್ಲಿ ಮನೆ ವಿಳಾಸ ಇರುತ್ತದೆ. ಎರಡೂ ಈಗ ಅವರ ಕೈಯಲ್ಲಿವೆ. ನೀವು ಠಾಣೆಯಲ್ಲಿ ಇರುವಾಗಲೇ ನೆಂಟರನ್ನೋ ಅಕ್ಕಪಕ್ಕದವರನ್ನೋ ಮನೆಗೆ ಕಳಿಸಿ. ಅದೇ ದಿನ ಬೀಗ ಬದಲಿಸಿ. ಇದು ಕಳ್ಳತನ ತಡೆಯಲು ಮಾತ್ರವಲ್ಲ. ‘ಅವರಿಗೆ ನಮ್ಮ ಮನೆ ಗೊತ್ತು’ ಎಂಬ ಭಯವೇ ಮುಂದಿನ ಎಷ್ಟೋ ರಾತ್ರಿ ನಿದ್ದೆ ಕೆಡಿಸುವುದು. ಹೊಸ ಬೀಗದ ಬೆಲೆಗೆ ಇಷ್ಟು ನಿದ್ದೆ ಬೇರೆಲ್ಲೂ ಸಿಗದು.

ಇನ್ನು ಫಾಸ್ಟ್‌ಟ್ಯಾಗ್. ಅದನ್ನು ಆತುರದಿಂದ ಬ್ಲಾಕ್ ಮಾಡಿಸುತ್ತಾರೆ. ಕಾರು ಟೋಲ್ ದಾಟಿದರೆ ಯಾವ ಟೋಲ್, ಎಷ್ಟು ಹೊತ್ತಿಗೆ ಎಂಬ ಸಂದೇಶ ನಿಮ್ಮ ನಂಬರಿಗೆ ಬರುತ್ತದೆ. ಪೊಲೀಸರಿಗೆ ಅದಕ್ಕಿಂತ ಒಳ್ಳೆಯ ಸುಳಿವು ಇಲ್ಲ. ಮೊದಲು ಅವರನ್ನು ಕೇಳಿ, ಆಮೇಲೆ ಮುಚ್ಚಿಸಿ. ಕದ್ದೊಯ್ದ ಮೊಬೈಲು ಎಲ್ಲಿದೆ ಎಂದು ತೋರಿಸುವ ಆ್ಯಪ್‌ಗೂ, ಕಾರು ಕಂಪನಿಯ ಟ್ರ್ಯಾಕಿಂಗ್ ಆ್ಯಪ್‌ಗೂ ಇದೇ ಮಾತು: ಪೊಲೀಸರಿಗೆ ತೋರಿಸುವವರೆಗೆ ಅಳಿಸಬೇಡಿ, ನೀವಾಗಿ ಆ ಜಾಗಕ್ಕೆ ಹೋಗಲೂ ಬೇಡಿ. ಸಿಮ್ ಮತ್ತು ಬ್ಯಾಂಕ್ ಕಾರ್ಡು ಮಾತ್ರ ತಕ್ಷಣ ನಿಲ್ಲಿಸಿ. ಖಾತೆಯಿಂದ ಹಣ ಹೋಗಿದ್ದು ಕಂಡರೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಎಫ್‌ಐಆರ್ ಕೈಗೆ ಬಂದ ಮೇಲೆ, ಕಳೆದ ಮೊಬೈಲು ತಡೆಯುವ ಸರ್ಕಾರಿ ತಾಣವಾದ ಸಿಇಐಆರ್ ಪೋರ್ಟಲ್‌ನಲ್ಲಿ ಮೊಬೈಲಿನ ಐಎಂಇಐ ಸಂಖ್ಯೆಯನ್ನೂ ತಡೆಹಿಡಿಸಬಹುದು.

## ಠಾಣೆಯಲ್ಲಿ

‘ಇದು ನಮ್ಮ ಸರಹದ್ದಲ್ಲ’ ಎಂದು ವಾಪಸು ಕಳಿಸುವಂತಿಲ್ಲ. ಪೊಲೀಸರು, ನ್ಯಾಯಾಲಯ ಹೇಗೆ ನಡೆಯಬೇಕೆಂದು ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 173ರ ಪ್ರಕಾರ ಘಟನೆ ಎಲ್ಲೇ ನಡೆದಿರಲಿ, ಯಾವ ಠಾಣೆಯಾದರೂ ದೂರು ಬರೆದುಕೊಳ್ಳಬೇಕು. ಇದನ್ನೇ ಝೀರೋ ಎಫ್‌ಐಆರ್ ಎನ್ನುವುದು. ಆಮೇಲೆ ಅದು ಸಂಬಂಧಪಟ್ಟ ಠಾಣೆಗೆ ಹೋಗುತ್ತದೆ. ಆನ್‌ಲೈನಿನಲ್ಲಿ ಕೊಟ್ಟರೆ 3 ದಿನದೊಳಗೆ ಹೋಗಿ ಸಹಿ ಹಾಕಬೇಕು. ಪ್ರತಿ ಉಚಿತ. ದಾಖಲಿಸಲು ಒಪ್ಪದಿದ್ದರೆ ಜಿಲ್ಲಾ ಎಸ್‌ಪಿಗೆ ಅಂಚೆಯಲ್ಲಿ ಬರೆದು ಕಳಿಸಬಹುದು, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಬಳಿ ಹೋಗಬಹುದು. ತನಿಖೆ ಎಲ್ಲಿಗೆ ಬಂತು ಎಂಬುದನ್ನು 90 ದಿನದೊಳಗೆ ನಿಮಗೆ ತಿಳಿಸುವುದು ಅವರ ಹೊಣೆ.

ಮೊದಲ ದೂರಿನಲ್ಲಿ ಎಲ್ಲವೂ ಇರಬೇಕು ಎಂಬ ಒತ್ತಡ ಬೇಡ. ನೆನಪಾದಷ್ಟು ಹೇಳಿ, ಗೊತ್ತಿಲ್ಲದ್ದಕ್ಕೆ ‘ಗೊತ್ತಿಲ್ಲ’ ಎಂದೇ ಬರೆಸಿ. ಊಹೆಯಿಂದ ಬರೆಸಿದ ಒಂದು ಸಾಲು ಮುಂದೆ ಪಾಟೀಸವಾಲಿನಲ್ಲಿ ಇಡೀ ಹೇಳಿಕೆಯನ್ನು ಅಲುಗಾಡಿಸುತ್ತದೆ. ಒಂದೆರಡು ನಿದ್ದೆ ಆದ ಮೇಲೆ ಕೆಲವು ವಿವರ ತಾವಾಗಿಯೇ ತೇಲಿಬರುತ್ತವೆ. ಆಗ ಪೂರಕ ಹೇಳಿಕೆ ಕೊಡಲು ಅವಕಾಶವಿದೆ. ಆದರೆ ಮನೆಯವರೆಲ್ಲ ಕೂತು ‘ಹೀಗೆ ಅಲ್ವಾ, ಹಾಗೆ ಅಲ್ವಾ’ ಎಂದು ಮಾತಾಡಿ ಒಂದೇ ಕಥೆ ಕಟ್ಟಬಾರದು. ಒಬ್ಬರ ನೆನಪು ಇನ್ನೊಬ್ಬರದರ ಮೇಲೆ ಹತ್ತಿಕೊಂಡು ಎರಡೂ ಹಾಳಾಗುತ್ತವೆ. ಆರೋಪಿಗಳು ಸಿಕ್ಕರಂತೆ ಎಂದು ಟಿವಿ, ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಬಂದರೆ ನೋಡದೆ ಇರುವುದು ಒಳ್ಳೆಯದು. ಗುರುತು ಪತ್ತೆ ಪರೇಡಿಗೆ ಮುಂಚೆ ಫೋಟೊ ನೋಡಿದ್ದೀರಿ ಎಂದಾದರೆ ಆ ಗುರುತಿಸುವಿಕೆಗೆ ಬೆಲೆ ಇಳಿಯುತ್ತದೆ.

ಹೆಂಗಸರು, 15 ವರ್ಷದೊಳಗಿನ ಹುಡುಗರು, 60 ದಾಟಿದವರು, ಅಂಗವಿಕಲರು, ತೀವ್ರ ಕಾಯಿಲೆ ಇರುವವರ ವಿಚಾರಣೆಯನ್ನು ಅವರ ಮನೆಯಲ್ಲೇ ಮಾಡಬೇಕು ಎಂದು ಅದೇ ಸುರಕ್ಷಾ ಸಂಹಿತೆಯ ಕಲಂ 179 ಹೇಳುತ್ತದೆ. ಮಗುವನ್ನು ಎತ್ತಿಕೊಂಡು ಠಾಣೆಗೆ ಅಲೆಯಬೇಕಿಲ್ಲ. ಕೇಳಿದರೆ ಸಿಗುತ್ತದೆ, ಕೇಳದಿದ್ದರೆ ಸಾಮಾನ್ಯವಾಗಿ ಯಾರೂ ಹೇಳುವುದಿಲ್ಲ.

## ಮೊದಲ ತಿಂಗಳು: ಯಾವುದು ಸಹಜ

ಮನೆಗೆ ಬಂದ ಮೇಲೆ ಒಂದೆರಡು ದಿನ ಏನೂ ಆಗಿಲ್ಲವೇನೋ ಎಂಬಂತೆ ಮಂಕು ಕವಿಯಬಹುದು. ಆಮೇಲೆ ಒಂದೊಂದೇ ಶುರುವಾಗುತ್ತದೆ. ಕಣ್ಣು ಮುಚ್ಚಿದರೆ ಅದೇ ದೃಶ್ಯ, ಬೆಳಗಿನ ಜಾವ ಬೆಚ್ಚಿ ಏಳುವುದು, ಬೈಕ್ ಹತ್ತಿರ ಬಂದರೆ ಎದೆ ಧಸಕ್ಕೆನ್ನುವುದು, ಹಿಂದೆ ಬರುವ ಪ್ರತಿ ಹೆಡ್‌ಲೈಟೂ ಬೆನ್ನಟ್ಟಿದಂತೆ ಕಾಣುವುದು, ಕಾರಣವಿಲ್ಲದೆ ರೇಗುವುದು, ಊಟ ಸೇರದಿರುವುದು. ಕಳ್ಳರು ನುಗ್ಗಿಹೋದ ಮನೆಯ ನಾಯಿಯನ್ನು ನೋಡಿದ್ದೀರಾದರೆ ಇದು ಅರ್ಥವಾಗುತ್ತದೆ: ಅದು ಆಮೇಲೆ ಹಾಲಿನವನಿಗೂ ಬೊಗಳುತ್ತದೆ, ಪೇಪರಿನ ಹುಡುಗನಿಗೂ ಬೊಗಳುತ್ತದೆ, ಗಾಳಿಗೆ ಎಲೆ ಉರುಳಿದರೂ ಬೊಗಳುತ್ತದೆ. ಅದಕ್ಕೆ ಹುಚ್ಚು ಹಿಡಿದಿಲ್ಲ, ಕಾವಲು ಜಾಸ್ತಿಯಾಗಿದೆ.

ಹೆಚ್ಚಿನವರಲ್ಲಿ ಇದು ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ವೈದ್ಯಕೀಯದಲ್ಲಿ ಘಟನೆಯಾಗಿ 3 ದಿನದಿಂದ 1 ತಿಂಗಳವರೆಗೆ ಕಾಣುವ ತೀವ್ರ ಲಕ್ಷಣಗಳಿಗೆ ತೀವ್ರ ಒತ್ತಡದ ತೊಂದರೆ ಎಂದು ಹೆಸರು. ತಿಂಗಳು ದಾಟಿಯೂ ಬಿಡದೆ, ದಿನದ ಕೆಲಸಕ್ಕೆ ಅಡ್ಡಿಯಾಗುತ್ತಿದ್ದರೆ ಅದನ್ನು ಪಿಟಿಎಸ್‌ಡಿ, ಅಂದರೆ ಆಘಾತದ ನಂತರದ ಒತ್ತಡದ ಕಾಯಿಲೆ ಎಂದು ಪರಿಗಣಿಸುತ್ತಾರೆ. ಇದಕ್ಕೆ ಮೂರು ಗುರುತು: ಅದೇ ಘಟನೆ ಈಗಲೇ ನಡೆಯುತ್ತಿರುವಂತೆ ಮತ್ತೆ ಮತ್ತೆ ಬರುವುದು, ಅದನ್ನು ನೆನಪಿಸುವ ದಾರಿ, ಮಾತು, ವಾಹನಗಳಿಂದ ತಪ್ಪಿಸಿಕೊಳ್ಳುವುದು, ಸದಾ ಅಪಾಯ ಕಾದಿದೆ ಎಂಬ ಎಚ್ಚರ.

ಈ ತಿಂಗಳಲ್ಲಿ ಕೆಲಸಕ್ಕೆ ಬರುವುದು ಸಾದಾ ಸಂಗತಿಗಳೇ. ಊಟ, ಸ್ನಾನ, ಮಲಗುವ ಹೊತ್ತು ಬದಲಾಗದಂತೆ ನೋಡಿಕೊಳ್ಳುವುದು. ಸಂಜೆಯ ಮೇಲೆ ಕಾಫಿ ಬಿಡುವುದು. ಹೆದರಿಕೆ ಉಕ್ಕಿದಾಗ 4 ಎಣಿಸುವಷ್ಟು ಉಸಿರು ಒಳಗೆ, 6 ಎಣಿಸುವಷ್ಟು ಹೊರಗೆ, ಐದು ನಿಮಿಷ. ಹೊರಬಿಡುವ ಉಸಿರು ಉದ್ದವಾದಷ್ಟೂ ಎದೆಬಡಿತ ಇಳಿಯುತ್ತದೆ. ಆ ದೃಶ್ಯ ಕಣ್ಣಮುಂದೆ ಬಂದಾಗ ಈಗ ಕಾಣುತ್ತಿರುವ ಐದು ವಸ್ತುಗಳ ಹೆಸರನ್ನು ಬಾಯಿಬಿಟ್ಟು ಹೇಳುವುದು, ಕಾಲಡಿಯ ನೆಲ ತಣ್ಣಗಿದೆಯೇ ಎಂದು ಗಮನಿಸುವುದು. ಇದರಿಂದ ಮನಸ್ಸು ಹೆದ್ದಾರಿಯಿಂದ ಮನೆಗೆ ಮರಳುತ್ತದೆ.

ಬೇಡದ ಸಂಗತಿಗಳೂ ಇವೆ. ನಿದ್ದೆಗೆಂದು ಎರಡು ಪೆಗ್ ಹಾಕಿದರೆ ಆ ರಾತ್ರಿ ನಿದ್ದೆ ಬಂದೀತು, ಬೆಳಗಿನ ಜಾವದ ದುಃಸ್ವಪ್ನ ಹೆಚ್ಚುತ್ತದೆ. ಮೆಡಿಕಲ್ ಶಾಪಿನಿಂದ ತರುವ, ಆತಂಕ ಇಳಿಸುವ ಆಲ್‌ಪ್ರಜೋಲಾಮ್‌ನಂಥ ಮಾತ್ರೆಗಳದ್ದೂ ಒಳ್ಳೆಯ ಸುದ್ದಿಯಲ್ಲ. ಆಘಾತದ ಮೊದಲ ತಿಂಗಳಲ್ಲಿ ಆ ಗುಂಪಿನ ಔಷಧ ಕೊಡಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲೇ ಹೇಳಿದೆ. ಅಭ್ಯಾಸವಾಗುವ ಅಪಾಯ ಇದ್ದೇ ಇದೆ. ಜೊತೆಗೆ, ಹೆದರಿಕೆ ತಾನಾಗಿ ಇಳಿಯುತ್ತದೆ ಎಂಬುದನ್ನು ಮಿದುಳು ಕಲಿಯುವುದಕ್ಕೇ ಅದು ಅಡ್ಡಬರುತ್ತದೆ.

## ಮನೆಯೊಳಗಿನ ಲೆಕ್ಕಾಚಾರ

ಒಂದೇ ಕಾರಿನಲ್ಲಿದ್ದ ನಾಲ್ವರಿಗೂ ಆದದ್ದು ಒಂದೇ ಅಲ್ಲ. ಸ್ಟಿಯರಿಂಗ್ ಹಿಡಿದಿದ್ದವರನ್ನು ಕಾಡುವುದು ತಪ್ಪಿತಸ್ಥ ಭಾವನೆ: ‘ನಾನ್ಯಾಕೆ ನಿಲ್ಲಿಸಿದೆ.’ ಪಕ್ಕದಲ್ಲಿ ಕೂತಿದ್ದವರಿಗೆ ‘ನನ್ನ ಕೈಲಿ ಏನೂ ಮಾಡಕ್ಕಾಗ್ಲಿಲ್ಲ’ ಎಂಬ ಅಸಹಾಯಕತೆ. ಕತ್ತಿನಿಂದ ತಾಳಿ ಕಿತ್ತುಕೊಂಡಿದ್ದರೆ ಆ ಹೆಂಗಸಿಗೆ ಆದ ನೋವು ಚಿನ್ನದ ಗ್ರಾಂ ಲೆಕ್ಕಕ್ಕೆ ಸಿಗುವುದಿಲ್ಲ. ಅದನ್ನು ಅಪಶಕುನವೆಂದು ಯಾರಾದರೂ ಆಡಿಬಿಟ್ಟರೆ ಗಾಯದ ಮೇಲೆ ಉಪ್ಪು ಸುರಿದಂತೆಯೇ. ಮನೆಯಲ್ಲೇ ಉಳಿದಿದ್ದ ಮಗನೋ ಮಗಳೋ, ‘ನಾನು ಜೊತೆಗೆ ಹೋಗಬೇಕಿತ್ತು’ ಎಂದು ಒಳಗೇ ಕೊರಗುವುದುಂಟು. ಅವರನ್ನು ಕೇಳುವವರೇ ಇರುವುದಿಲ್ಲ.

ಚೇತರಿಕೆಯ ವೇಗವೂ ಬೇರೆ ಬೇರೆ. ಎರಡನೇ ವಾರಕ್ಕೆ ಒಬ್ಬರು ಕೆಲಸಕ್ಕೆ ಹೊರಟರೆ, ಇನ್ನೊಬ್ಬರಿಗೆ ಆಗಷ್ಟೇ ನಡುಕ ಶುರುವಾಗಿರುತ್ತದೆ. ಒಬ್ಬರಿಗೆ ಅದರ ಬಗ್ಗೆ ಮಾತಾಡಬೇಕು, ಇನ್ನೊಬ್ಬರಿಗೆ ಆ ವಿಷಯ ಎತ್ತಿದರೆ ಸಿಟ್ಟು. ಆಗ ಬಾಯಿಗೆ ಬರುವ ‘ರಾತ್ರಿ ಹೊರಡೋದು ಬೇಡ ಅಂದಿದ್ದೆ’, ‘ಇನ್ನೂ ಎಷ್ಟು ದಿನ ಅದನ್ನೇ ಹಿಡ್ಕೊಂಡಿರ್ತೀಯ’ ಎಂಬ ಎರಡು ಮಾತುಗಳು ಸುಲಿಗೆಕೋರರು ಮಾಡಿದ್ದಕ್ಕಿಂತ ಹೆಚ್ಚು ದಿನ ಉಳಿಯುತ್ತವೆ. ಸುತ್ತಲಿನವರ ಆಸರೆ ಸಿಗದಿರುವುದು ಪಿಟಿಎಸ್‌ಡಿ ಆಗುವ ಸಾಧ್ಯತೆ ಹೆಚ್ಚಿಸುವ ಮುಖ್ಯ ಕಾರಣಗಳಲ್ಲೊಂದು. ಹಾಗಾಗಿ ಇದು ಬರೀ ಒಳ್ಳೆಯ ನಡತೆಯ ಮಾತಲ್ಲ, ಔಷಧದ ಮಾತು.

ನೋಡಿಕೊಂಡು ಹೋಗಲು ಬರುವ ನೆಂಟರದ್ದು ಇನ್ನೊಂದು ಬಗೆ. ಪ್ರತಿಯೊಬ್ಬರಿಗೂ ಮೊದಲಿನಿಂದ ಕಥೆ ಬೇಕು. ಬಲವಂತವಾಗಿ ಎಲ್ಲವನ್ನೂ ಹೇಳಿಸುವುದರಿಂದ ಮನಸ್ಸು ಹಗುರಾಗುತ್ತದೆ ಎಂಬ ನಂಬಿಕೆ ತಪ್ಪು. ಘಟನೆಯಾದ ಕೂಡಲೇ ಒಂದೇ ಸಲಕ್ಕೆ ಕೂರಿಸಿ ವಿವರ ಹೇಳಿಸುವ ಪದ್ಧತಿಯನ್ನು ವೃತ್ತಿಪರರೂ ಕೈಬಿಟ್ಟಿದ್ದಾರೆ, ಏಕೆಂದರೆ ಅದರಿಂದ ಲಾಭ ಕಾಣಲಿಲ್ಲ. ಮನೆಯ ಒಬ್ಬರು ವಕ್ತಾರರಾಗಿ ಎರಡೇ ವಾಕ್ಯದಲ್ಲಿ ವಿಷಯ ಹೇಳಿ ಕಾಫಿ ಕೊಡಲಿ. ಬಂದವರಿಗೆ ನಿಜಕ್ಕೂ ನೆರವಾಗುವ ಮನಸ್ಸಿದ್ದರೆ ಬ್ಯಾಂಕಿಗೆ ಹೋಗಿಬರಲಿ, ಮಕ್ಕಳನ್ನು ಶಾಲೆಗೆ ಬಿಡಲಿ.

ಹೆದರಿಕೆ ಇಳಿಸಲು ದೃಷ್ಟಿ ತೆಗೆಯುವುದು, ಅಂತ್ರ ಕಟ್ಟಿಸುವುದು ಹಿರಿಯರ ಸಲಹೆ. ಅದರಿಂದ ನೆಮ್ಮದಿ ಸಿಗುವವರಿಗೆ ಸಿಗಲಿ, ಅಡ್ಡಿಯಿಲ್ಲ. ಅದಾಯಿತೆಂದು ವೈದ್ಯರನ್ನು ಕಾಣುವುದು ತಪ್ಪಬಾರದು, ಅಷ್ಟೇ.

## ಮಕ್ಕಳು

ಆರು ವರ್ಷದೊಳಗಿನ ಮಗು ಬಿಟ್ಟುಹೋಗಿದ್ದ ಅಭ್ಯಾಸಕ್ಕೆ ಮರಳಬಹುದು: ಹಾಸಿಗೆ ಒದ್ದೆ, ಬೆರಳು ಚೀಪುವುದು, ಅಮ್ಮನ ಸೆರಗು ಬಿಡದಿರುವುದು. ಆಟಿಕೆ ಕಾರು ಹಿಡಿದು ಅದೇ ಘಟನೆಯನ್ನು ಮತ್ತೆ ಮತ್ತೆ ಆಡುತ್ತದೆ. ತಡೆಯಬೇಡಿ; ಅದು ಅರ್ಥಮಾಡಿಕೊಳ್ಳುವ ದಾರಿ. ಆಟ ಪ್ರತಿ ಸಲವೂ ಹೆದರಿಕೆಯಲ್ಲೇ ಮುಗಿಯುತ್ತಿದ್ದರೆ ಪಕ್ಕದಲ್ಲಿ ಕೂತು ‘ಆಮೇಲೆ ಪೊಲೀಸ್ ಮಾಮ ಬಂದ್ರು, ನಾವೆಲ್ಲ ಮನೆಗೆ ಬಂದ್ವಿ’ ಎಂದು ನಿಜವಾದ ಕೊನೆಯನ್ನು ಸೇರಿಸಿ. ಶಾಲೆಯ ಮಕ್ಕಳಿಗೆ ಹೊಟ್ಟೆನೋವು, ತಲೆನೋವು ಎಂದು ಬೆಳಿಗ್ಗೆ ಹೊತ್ತು ಶುರುವಾಗುತ್ತದೆ. ಹದಿಹರೆಯದವರು ಬಾಯಿ ಮುಚ್ಚಿಕೊಂಡು ಕೋಣೆ ಸೇರುತ್ತಾರೆ, ಅಥವಾ ‘ಅಪ್ಪ ಯಾಕೆ ತಿರುಗಿ ಹೊಡೀಲಿಲ್ಲ’ ಎಂದು ಕೇಳುತ್ತಾರೆ. ಈ ಪ್ರಶ್ನೆಗೆ ಸಿಟ್ಟಾಗದೆ, ‘ನಿಮ್ಮನ್ನೆಲ್ಲ ಉಳಿಸ್ಕೋಬೇಕಿತ್ತು, ಅದಕ್ಕೇ ಕೀ ಕೊಟ್ಟೆ’ ಎಂದು ನೇರವಾಗಿ ಹೇಳುವುದು ಸರಿ.

‘ಏನೂ ಆಗಿಲ್ಲ, ಮರೆತುಬಿಡು’ ಎಂದರೆ ಮಗು ಮರೆಯುವುದಿಲ್ಲ, ಹೇಳುವುದನ್ನು ನಿಲ್ಲಿಸುತ್ತದೆ. ಅದು ಕೇಳಿದಷ್ಟಕ್ಕೆ, ಅದರ ಭಾಷೆಯಲ್ಲಿ, ಸುಳ್ಳಿಲ್ಲದೆ ಉತ್ತರಿಸಿ. ‘ಇನ್ಮೇಲೆ ಯಾವತ್ತೂ ಹೀಗಾಗಲ್ಲ’ ಎಂಬ ಆಣೆ ಬೇಡ. ‘ಬೀಗ ಬದಲಾಯ್ಸಿದೀವಿ, ರಾತ್ರಿ ಹೊತ್ತು ಆ ದಾರೀಲಿ ಹೋಗಲ್ಲ’ ಎಂಬ ಕಣ್ಣಿಗೆ ಕಾಣುವ ಮಾತು ಸಾಕು. ಶಾಲೆ ಬಿಡಿಸಬೇಡಿ. ಕೆಲವು ವಾರ ದೊಡ್ಡವರ ಪಕ್ಕ ಮಲಗಿಸಿಕೊಂಡರೆ ಮಗು ಕೆಡುವುದಿಲ್ಲ. ಕ್ಲಾಸ್ ಟೀಚರಿಗೆ ಒಂದು ಮಾತು ಹೇಳಿಟ್ಟಿರಿ.

## ಮತ್ತೆ ಕಾರು ಹತ್ತುವುದು

ತಪ್ಪಿಸಿಕೊಂಡಷ್ಟೂ ಹೆದರಿಕೆ ಬೆಳೆಯುತ್ತದೆ. ಕಾರು ಹತ್ತದಿದ್ದರೆ ಆ ಕ್ಷಣಕ್ಕೆ ನಿರಾಳ. ‘ಹತ್ತದೇ ಇದ್ದಿದ್ದರಿಂದಲೇ ಉಳಿದೆ’ ಎಂದು ಮಿದುಳು ಆ ನಿರಾಳವನ್ನು ಪಾಠವಾಗಿ ಬರೆದುಕೊಳ್ಳುತ್ತದೆ. ಹಾಗೆಂದು ಮೊದಲ ದಿನವೇ ಅದೇ ಹೆದ್ದಾರಿಗೆ ಕರೆದೊಯ್ದರೆ ಕೆಲಸ ಕೆಡುತ್ತದೆ. ಮೆಟ್ಟಿಲು ಮೆಟ್ಟಿಲಾಗಿ ಹೋಗಬೇಕು.

ಒಂದು ಹಾಳೆಯಲ್ಲಿ ಹೆದರಿಕೆ ತರುವ ಸಂದರ್ಭಗಳನ್ನು ಬರೆದು ಪ್ರತಿಯೊಂದಕ್ಕೂ 0ರಿಂದ 100ರೊಳಗೆ ಅಂಕ ಕೊಡಿ. ನಿಂತ ಕಾರಿನಲ್ಲಿ ಬಾಗಿಲು ತೆರೆದಿಟ್ಟು ಕೂರುವುದಕ್ಕೆ 20 ಇರಬಹುದು. ಬಾಗಿಲು ಹಾಕಿ ಕೂರುವುದಕ್ಕೆ 30. ಹಗಲು ಹೊತ್ತು ಮನೆ ಸುತ್ತ ಒಂದು ಸುತ್ತಿಗೆ 40. ಸಿಗ್ನಲ್ಲಿನಲ್ಲಿ ಪಕ್ಕ ಬೈಕು ಬಂದು ನಿಲ್ಲುವುದಕ್ಕೆ 60. ಹಗಲಲ್ಲಿ ಹೆದ್ದಾರಿಗೆ 75. ಕತ್ತಲಾದ ಮೇಲೆ ಹೆದ್ದಾರಿಗೆ 95. ಕೆಳಗಿನ ಮೆಟ್ಟಿಲಿನಿಂದ ಶುರುಮಾಡಿ. ಕೂತ ಕೂಡಲೇ ಹೆದರಿಕೆ ಏರುತ್ತದೆ; ಇಳಿದು ಓಡಬೇಡಿ. ಏರಿದ್ದು ಸುಮಾರು ಅರ್ಧಕ್ಕೆ ಇಳಿಯುವವರೆಗೆ ಅಲ್ಲೇ ಇರಿ, ಅದಕ್ಕೆ ಅರ್ಧ ಮುಕ್ಕಾಲು ಗಂಟೆ ಹಿಡಿದರೂ ಸರಿ. ಅದೇ ಮೆಟ್ಟಿಲನ್ನು ದಿನವೂ ಮಾಡಿ, ಅಂಕ ಸಾಕಷ್ಟು ಕೆಳಗಿಳಿದ ಮೇಲೆ ಮುಂದಿನದಕ್ಕೆ ಹೋಗಿ.

ಇದು ಕೆಡುವುದು ಎರಡು ಕಡೆ. ಹೆದರಿಕೆ ತುತ್ತತುದಿಯಲ್ಲಿ ಇರುವಾಗಲೇ ಇಳಿದುಬಿಟ್ಟರೆ ಕಾರಿನ ಭಯ ಇನ್ನಷ್ಟು ಗಟ್ಟಿಯಾಗುತ್ತದೆ. ಇನ್ನೊಂದು, ಕಣ್ಣಿಗೆ ಕಾಣದ ಊರುಗೋಲುಗಳು: ಕಣ್ಣು ಮುಚ್ಚಿ ಕೂರುವುದು, ಇಡೀ ದಾರಿ ಫೋನಿನಲ್ಲಿ ಮಾತಾಡುವುದು, ಸೀಟಿನ ಕೆಳಗೆ ರಾಡು ಇಟ್ಟುಕೊಳ್ಳುವುದು. ಇವಿದ್ದರೆ ‘ಕಾರು ಅಪಾಯವಲ್ಲ’ ಎಂಬ ಪಾಠ ಆಗುವುದಿಲ್ಲ, ‘ರಾಡಿನಿಂದ ಬಚಾವಾದೆ’ ಎಂಬ ಪಾಠ ಆಗುತ್ತದೆ. ಬಾಗಿಲು ಲಾಕ್ ಮಾಡುವುದು, ಮುಂದಿನ ಗಾಡಿಯಿಂದ ತಿರುಗಿಸಿ ಹೊರಡುವಷ್ಟು ಅಂತರ ಬಿಡುವುದು, ‘ಟೈರ್ ಪಂಚರ್’ ಎಂದು ಯಾರಾದರೂ ಕೈ ಮಾಡಿದರೆ ಅಥವಾ ಹಿಂದಿನಿಂದ ಮೆಲ್ಲಗೆ ಗುದ್ದಿದರೆ ಬೆಳಕಿರುವ ಬಂಕಿನವರೆಗೆ ನಿಧಾನವಾಗಿ ಓಡಿಸಿಕೊಂಡೇ ಹೋಗುವುದು ಇವೆಲ್ಲ ಎಲ್ಲರಿಗೂ ಬೇಕಾದ ಎಚ್ಚರ, ಊರುಗೋಲಲ್ಲ. ಅಂಕ ಬಹಳ ದಿನವಾದರೂ ಇಳಿಯದಿದ್ದರೆ ಅಥವಾ ಮೈ ಮರಗಟ್ಟುವಂತಾದರೆ ಇದನ್ನು ಚಿಕಿತ್ಸಕರ ಜೊತೆಗೇ ಮಾಡಬೇಕು.

## ವೈದ್ಯರ ಬಳಿ ಯಾವಾಗ

ಸಾಯುವ ಯೋಚನೆ ಬಂದರೆ, ಊಟ ನಿದ್ದೆ ಪೂರ್ತಿ ನಿಂತರೆ, ಕುಡಿತ ಏರುತ್ತಿದ್ದರೆ, ಸಣ್ಣ ಮಗು ಮಾತು ನಿಲ್ಲಿಸಿದರೆ ಆ ದಿನವೇ. ಉಳಿದಂತೆ ತಿಂಗಳು ಕಳೆದೂ ಲಕ್ಷಣ ಇಳಿಯದಿದ್ದರೆ. ಮೊದಲ ಹೆಜ್ಜೆಗೆ ಟೆಲಿ ಮನಸ್ ಇದೆ. 2022ರ ಅಕ್ಟೋಬರಿನಲ್ಲಿ ಶುರುವಾದ ಈ ಸಹಾಯವಾಣಿಯ ಸಂಖ್ಯೆ 14416, ಹಗಲು ರಾತ್ರಿ, ಉಚಿತ, ಕನ್ನಡದಲ್ಲಿ. ಬೆಂಗಳೂರಿನ ನಿಮ್ಹಾನ್ಸ್‌ವರೆಗೆ ಬರಲು ಆಗದವರಿಗೆ ಜಿಲ್ಲಾಸ್ಪತ್ರೆಯಲ್ಲಿ ಮಾನಸಿಕ ಆರೋಗ್ಯ ವಿಭಾಗವಿದೆ.

ಪಿಟಿಎಸ್‌ಡಿಗೆ ಮೊದಲ ಚಿಕಿತ್ಸೆ ಮಾತಿನದ್ದು, ಮಾತ್ರೆಯದ್ದಲ್ಲ. ಆಘಾತಕ್ಕೆಂದೇ ರೂಪಿಸಿದ ಸಿಬಿಟಿಯಲ್ಲಿ (ಯೋಚನೆ ಮತ್ತು ನಡವಳಿಕೆ ಬದಲಿಸುವ ಮಾತಿನ ಚಿಕಿತ್ಸೆ) ಸಾಮಾನ್ಯವಾಗಿ 8ರಿಂದ 12 ಭೇಟಿ. ಮೇಲೆ ಹೇಳಿದ ಮೆಟ್ಟಿಲಿನ ಕ್ರಮದ ಜೊತೆಗೆ, ಘಟನೆಯನ್ನು ಸುರಕ್ಷಿತ ಜಾಗದಲ್ಲಿ, ಕ್ರಮವಾಗಿ, ಹಲವು ಸಲ ಹೇಳಿಸುತ್ತಾರೆ. ಚೂರುಚೂರಾಗಿ ಬಿದ್ದಿದ್ದ ನೆನಪು ಮೊದಲು, ನಡು, ಕೊನೆ ಇರುವ ‘ಆಗಿಹೋದ’ ಸಂಗತಿಯಾಗುವುದು ಹೀಗೆ. ನೆಂಟರ ಮುಂದೆ ಹೇಳುವುದಕ್ಕೂ ಇದಕ್ಕೂ ವ್ಯತ್ಯಾಸವಿದೆ: ಇಲ್ಲಿ ಹೆದರಿಕೆ ಇಳಿಯುವವರೆಗೆ ಜೊತೆಗಿರುತ್ತಾರೆ. ಚಿಕಿತ್ಸಕರ ಬೆರಳನ್ನು ಕಣ್ಣಿನಿಂದ ಹಿಂಬಾಲಿಸುತ್ತ ನೆನಪನ್ನು ತರಿಸಿಕೊಳ್ಳುವ ಇಎಂಡಿಆರ್ ಎಂಬ ಪದ್ಧತಿಯೂ ಇದೆ. ಔಷಧ ಬೇಕಾದರೆ ಸರ್ಟ್ರಾಲಿನ್‌ನಂಥವನ್ನು ಬರೆಯುತ್ತಾರೆ. ಗುಣ ಕಾಣಲು 4ರಿಂದ 6 ವಾರ ಬೇಕು, ವೈದ್ಯರು ಹೇಳದೆ ನಿಲ್ಲಿಸಬಾರದು. ಮಾನಸಿಕ ಕಾಯಿಲೆಗೂ ದೈಹಿಕ ಕಾಯಿಲೆಯಂತೆಯೇ ಆರೋಗ್ಯ ವಿಮೆ ಕೊಡಬೇಕೆಂದು 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ ಹೇಳುತ್ತದೆ. ಪಾಲಿಸಿ ತೆಗೆದು ಒಮ್ಮೆ ನೋಡಿ.

## ವಿಮೆ, ಸಿ ರಿಪೋರ್ಟು, ವಾಪಸು ಬಂದ ಕಾರು

ಥರ್ಡ್ ಪಾರ್ಟಿ ವಿಮೆ ಮಾತ್ರ ಇದ್ದರೆ ಕಾರಿಗೆ ಏನೂ ಬರುವುದಿಲ್ಲ. ಸಮಗ್ರ ವಿಮೆ ಇದ್ದರೆ ಸಿಗುವುದು ಐಡಿವಿ, ಅಂದರೆ ಸವಕಳಿ ಕಳೆದ ಬೆಲೆ. ಮೂರೂವರೆ ವರ್ಷದ ಕಾರಿಗೆ ರೂಢಿಯ ಕೋಷ್ಟಕದ ಪ್ರಕಾರ 40% ಕಡಿತ. ಸಾಲದ ಕಾರಾದರೆ ಹಣ ಮೊದಲು ಬ್ಯಾಂಕಿಗೆ ಹೋಗುತ್ತದೆ. ಅಲ್ಲಿಯವರೆಗೆ ಕಂತು ನಿಲ್ಲಿಸುವಂತಿಲ್ಲ. ಕಂಪನಿಗೆ ಅದೇ ದಿನ ತಿಳಿಸಿ. ಎಫ್‌ಐಆರ್ ತಕ್ಷಣ ಆಗಿದ್ದರೆ, ಕಂಪನಿಗೆ ತಿಳಿಸಲು ತಡವಾಯಿತು ಎಂಬ ಒಂದೇ ಕಾರಣಕ್ಕೆ ಕ್ಲೇಮು ತಳ್ಳಿಹಾಕುವಂತಿಲ್ಲ ಎಂದು ಸುಪ್ರೀಂ ಕೋರ್ಟು 2020ರಲ್ಲಿ ಹೇಳಿದೆ. ಕಂಪನಿ ಎರಡೂ ಕೀ ಕೇಳುತ್ತದೆ. ಒಂದನ್ನು ಕಿತ್ತುಕೊಂಡು ಹೋಗಿರುವುದರಿಂದ ‘ಕೀ ಸಮೇತ ಕಿತ್ತುಕೊಂಡರು’ ಎಂಬ ಮಾತು ಎಫ್‌ಐಆರಿನಲ್ಲಿ ಇರಲೇಬೇಕು. ಕಾರು ಪತ್ತೆಯಾಗದಿದ್ದರೆ ಪೊಲೀಸರು ಕೊಡುವ ‘ಪತ್ತೆಯಾಗಿಲ್ಲ’ ಎಂಬ ವರದಿ, ಅಂದರೆ ಸಿ ರಿಪೋರ್ಟ್ ಬಂದ ಮೇಲಷ್ಟೇ ಹಣ ಬಿಡುಗಡೆ, ತಿಂಗಳುಗಳೇ ಹಿಡಿಯಬಹುದು.

ಕಾರು ಸಿಕ್ಕರೆ ಅದನ್ನು ವರ್ಷಗಟ್ಟಲೆ ಠಾಣೆಯ ಮುಂದೆ ತುಕ್ಕು ಹಿಡಿಸಬೇಕಿಲ್ಲ. ಮಹಜರು ಮಾಡಿ, ಫೋಟೊ ತೆಗೆದು, ಬಾಂಡ್ ಬರೆಸಿಕೊಂಡು ಮಾಲೀಕರಿಗೆ ಕೊಡಬೇಕೆಂದು ಸುಪ್ರೀಂ ಕೋರ್ಟು 2002ರಲ್ಲೇ ಹೇಳಿದೆ. ಮ್ಯಾಜಿಸ್ಟ್ರೇಟರಿಗೆ ಅರ್ಜಿ ಹಾಕಿ. ಕೈಗೆ ಬಂದ ಕೂಡಲೇ ಸರ್ವಿಸ್ ಸೆಂಟರಿನಲ್ಲಿ ಹಳೆಯ ಕೀಯನ್ನು ಕಾರಿನ ಕಂಪ್ಯೂಟರಿನಿಂದ ತೆಗೆಸಿ. ಒಡೆದ ಗಾಜಿನ ಚೂರು, ಕಲೆ, ಅಪರಿಚಿತ ವಾಸನೆ ಇರುವ ಕಾರನ್ನು ಮನೆಯವರಿಗೆ ತೋರಿಸುವ ಮೊದಲೇ ತೊಳೆಸಿ ಸೀಟಿನ ಹೊದಿಕೆ ಬದಲಿಸುವುದು ಒಳ್ಳೆಯದು. ವಾಸನೆಯಷ್ಟು ಬೇಗ ಹಳೆಯ ಕ್ಷಣವನ್ನು ಎಳೆದು ತರುವುದು ಬೇರೆ ಇಲ್ಲ. ಮಾರಬೇಕೆಂದು ಅನ್ನಿಸಿದರೆ ಮಾರಬಹುದು, ಮೊದಲ ತಿಂಗಳಲ್ಲಿ ಬೇಡ. ಆಗ ತೀರ್ಮಾನ ಮಾಡುವುದು ನಾವಲ್ಲ, ಹೆದರಿಕೆ.

## ಸಮನ್ಸ್ ಬಂದಾಗ

ಎಲ್ಲ ತಣ್ಣಗಾಯಿತು ಎನ್ನುವಾಗ, ಎಷ್ಟೋ ಸಲ ವರ್ಷಗಳ ಮೇಲೆ, ನ್ಯಾಯಾಲಯದಿಂದ ಕರೆ ಬರುತ್ತದೆ. ಅದಕ್ಕೆ ಮುಂಚಿನ ವಾರ ಹಳೆಯ ಕನಸು, ಬೆಚ್ಚುವಿಕೆ ಮರುಕಳಿಸುವುದು ಸಾಮಾನ್ಯ. ಕಾಯಿಲೆ ಮರಳಿತೆಂದು ಎದೆಗುಂದಬೇಕಿಲ್ಲ. ಕೆಲವು ದಿನಕ್ಕೆ ಇಳಿಯುತ್ತದೆ. ಘಟನೆ ನಡೆದ ತಾರೀಖು ಪ್ರತಿ ವರ್ಷ ಬಂದಾಗಲೂ ಇದೇ ಆಗಬಹುದು. ಆರೋಪಿಯ ಕಡೆಯವರಿಂದ ಬೆದರಿಕೆ ಬಂದರೆ 2018ರಲ್ಲಿ ಸುಪ್ರೀಂ ಕೋರ್ಟು ಒಪ್ಪಿದ ಸಾಕ್ಷಿ ರಕ್ಷಣಾ ಯೋಜನೆಯಡಿ ಅರ್ಜಿ ಹಾಕಬಹುದು. ಗಾಯ ಮತ್ತು ನಷ್ಟಕ್ಕೆ ಸಂತ್ರಸ್ತರ ಪರಿಹಾರ ಯೋಜನೆಯಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಮನವಿ ಕೊಡಲು ಅವಕಾಶವಿದೆ. ಕಾನೂನು ನೆರವಿನ ಸಹಾಯವಾಣಿ 15100. ಸಾಕ್ಷಿ ಹೇಳುವ ದಿನಕ್ಕೆ ಮುಂಚೆ ಸರ್ಕಾರಿ ಅಭಿಯೋಜಕರನ್ನು ಕಂಡು, ಯಾವ ಬಾಗಿಲಿನಿಂದ ಒಳಗೆ ಹೋಗಬೇಕು, ಆರೋಪಿ ಎಲ್ಲಿ ನಿಂತಿರುತ್ತಾನೆ, ಎಷ್ಟು ಹೊತ್ತು ಕಾಯಬೇಕಾದೀತು ಎಂದು ಕೇಳಿಕೊಳ್ಳಿ. ಮನೆಯ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಅವರೂ ಸಾಕ್ಷಿಯಾಗಿದ್ದರೆ ನಿಮ್ಮ ಹೇಳಿಕೆ ನಡೆಯುವಾಗ ಹೊರಗೆ ಕೂರಬೇಕಾಗುತ್ತದೆ, ಹಾಗಾಗಿ ಸಾಕ್ಷಿಯಲ್ಲದ ಒಬ್ಬರಿದ್ದರೆ ಅನುಕೂಲ.